ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಮಕ್ಕಳೊಂದಿಗೆ ನಡಿಗೆ

ಶಿರಸಿಯ ನಮ್ಮ ಉರ್ದು ಶಾಲೆಯ ಮಕ್ಕಳಿಗೆ ಪ್ಯಾಲೆಸ್ತೀನಿನ, ರೋಹಿಂಗ್ಯಾಗಳ ಸುದ್ದಿ ಮೊಬೈಲಿನಿಂದಲೇ ತಿಳಿದಿರುತ್ತದೆ. ಆದರೆ ಚಳಿಗಾಲದಲ್ಲಿ ಪೇಟೆಗೆ ಬಂದು ಸ್ವೆಟರ್ ಮಾರುವ ಟಿಬೆಟಿಯನ್ನರೂ ನಿರಾಶ್ರಿತರೇ ಎಂಬುದು ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಈ ಕಾರಣಕ್ಕೇ ಮಕ್ಕಳನ್ನು ಮುಂಡಗೋಡಕ್ಕೆ ಕರೆದೊಯ್ದೆವು. ಇಂಥದೇ ಪ್ರವಾಸದ ಯೋಚನೆಯಲ್ಲಿರುವ ಶಿಕ್ಷಕರಿಗೆ ಕೆಲವು ಮಾತು ಹೇಳುವುದಿದೆ.

ಹೊರಡುವ ಮೊದಲು ತರಗತಿಯಲ್ಲಿ ಹಿಜ್ರತ್‌ನ, ಅಂದರೆ ಪ್ರವಾದಿ ಮುಹಮ್ಮದರು ಮತ್ತು ಸಂಗಡಿಗರು ಮಕ್ಕಾದಿಂದ ಮದೀನಾಕ್ಕೆ ವಲಸೆ ಹೋದದ್ದರ ಪಾಠವಾಗಲಿ. 622ರಲ್ಲಿ ಮಕ್ಕಾ ತೊರೆದ ಮುಹಾಜಿರರ (ವಲಸಿಗರ) ಕಷ್ಟ ಮಕ್ಕಳಿಗೆ ಗೊತ್ತೇ ಇರುತ್ತದೆ. ಒತ್ತು ಕೊಡಬೇಕಾದದ್ದು ಅವರನ್ನು ಮನೆಯೊಳಗೆ ಸೇರಿಸಿಕೊಂಡ ಮದೀನಾದ ಅನ್ಸಾರರಿಗೆ (ನೆರವಾದವರಿಗೆ). ಅದಕ್ಕೂ ಮೊದಲು ಆಫ್ರಿಕಾದ ಅಬಿಸೀನಿಯಾದಲ್ಲಿ ಮುಸ್ಲಿಮರಿಗೆ ಆಶ್ರಯ ಕೊಟ್ಟ ನಜಾಶಿ ಕ್ರೈಸ್ತ ದೊರೆಯಾಗಿದ್ದನೆಂಬುದನ್ನೂ ಹೇಳಿ, ಬೌದ್ಧರ ಊರಿಗೆ ಹೊರಟ ಮಕ್ಕಳಿಗೆ ಅದು ಬೇಕು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಿಗೆ ಅಂದಿನ ಮೈಸೂರು ರಾಜ್ಯ ಭೂಮಿ ಕೊಟ್ಟಿತು, ಮುಂಡಗೋಡದ ವಸತಿ 1966ರಲ್ಲಿ ಆರಂಭವಾಯಿತು. ಹಾಗಾಗಿ ಇಲ್ಲಿ ಅನ್ಸಾರರ ಸ್ಥಾನದಲ್ಲಿರುವುದು ನಮ್ಮದೇ ಜಿಲ್ಲೆ.

ನವೆಂಬರ್‌ನಿಂದ ಜನವರಿಯವರೆಗೆ ಕ್ಯಾಂಪಿನ ಬಹಳ ಮನೆಗಳವರು ಸ್ವೆಟರ್ ವ್ಯಾಪಾರಕ್ಕೆ ಹೋಗಿರುತ್ತಾರೆ. ಅವರ ಹೊಸವರ್ಷ ಲೋಸರ್ ಮುಗಿದ ಮೇಲೆ, ರಮಝಾನ್ ಅಲ್ಲದ ದಿನ ನೋಡಿ, ಕ್ಯಾಂಪ್ ಆಫೀಸಿಗೆ ಮುಂಚಿತವಾಗಿ ಪತ್ರ ಬರೆಯಿರಿ.

ಗಾಂಡೆನ್ ಮಠವಿರುವ ಒಂದನೆಯ ಲಾಮಾ ಕ್ಯಾಂಪಿನಲ್ಲಿ ಬಸ್ಸಿಳಿದು ಡ್ರೆಪುಂಗ್ ಮಠದತ್ತ ನಡೆದೇ ಹೋಗಿ. ಮಕ್ಕಳ ಮೇಲೆ ಗಂಟುಮೂಟೆ ಹೊರಿಸಿ ನಿರಾಶ್ರಿತರ ಪಾತ್ರ ಮಾಡಿಸುವ ಆಟವನ್ನು ನಾನು ಒಪ್ಪುವುದಿಲ್ಲ. ಹಿಮಾಲಯ ದಾಟಿ ಬಂದವರ ಅಂಗಳದಲ್ಲಿ ಅದು ಅವರಿಗೆ ಮಾಡುವ ಅವಮಾನ. ಅದರ ಬದಲು ಗೋವಿನಜೋಳ ಬೆಳೆಯುವ ಹೊಲಗಳನ್ನು ತೋರಿಸಿ, ಇದು ಕಾಡು ಕಡಿದು ಹಸನು ಮಾಡಿದ ನೆಲವೆಂದೂ ಚಳಿನಾಡಿನವರು ಈ ಸೆಕೆಯಲ್ಲಿ ಬೇಸಾಯ ಕಲಿತರೆಂದೂ ತಿಳಿಸಿ, ಆಮೇಲೆ ಸ್ವಲ್ಪ ದೂರ ಮಾತಿಲ್ಲದೆ ನಡೆಸಿ.

ಮೊದಲ ತಲೆಮಾರಿನ ಹಿರಿಯರನ್ನು ವೃದ್ಧಾಶ್ರಮದಲ್ಲಿ ಕಾಣಬಹುದು. ಏಕೆ ಓಡಿ ಬಂದಿರೆಂದು ಮಕ್ಕಳು ಕೇಳಕೂಡದು. ಇಲ್ಲಿ ಮೊದಲು ಏನು ಬೆಳೆದಿರಿ, ಯಾರು ನೆರವಾದರು ಎಂದು ಕೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ. ಟಿಬೆಟಿನಲ್ಲಿ ಮುಸ್ಲಿಮರಿದ್ದರೇ ಎಂದು ನಮ್ಮ ಹುಡುಗಿಯೊಬ್ಬಳು ವಿಚಾರಿಸಿದಳು. ಇದ್ದರು, ಅವರಲ್ಲೂ ಹಲವರು ಊರು ಬಿಟ್ಟು ಬಂದು ಶ್ರೀನಗರದಲ್ಲಿ ನೆಲೆಸಿದ್ದಾರೆ.

ಊಟಕ್ಕೆ ಬುತ್ತಿ ಒಯ್ದು ಬೇರೆ ಕುಳಿತುಕೊಳ್ಳಬೇಡಿ. ಹಲಾಲಿನ ಪ್ರಶ್ನೆ ಬಾರದಂತೆ ತರಕಾರಿಯ ಮೊಮೊ, ಥುಕ್ಪಾ (ನೂಡಲ್ಸ್ ಸೂಪ್) ಬೇಕೆಂದು ಕ್ಯಾಂಪಿನ ಹೋಟೆಲಿಗೆ ಹಿಂದಿನ ದಿನವೇ ತಿಳಿಸಿ, ಮಧ್ಯಾಹ್ನದ ಝುಹರ್ ನಮಾಜಿಗೆ ಮುಂಡಗೋಡ ಪೇಟೆಗೆ ಮರಳುವಷ್ಟು ಸಮಯ ಇಟ್ಟುಕೊಳ್ಳಿ.