ಎಂಟು ತಿಂಗಳು ತಲೆಕೆಳಗಾಗಿದ್ದ ಚಿತ್ರ

ನಮ್ಮ ಹಾಲ್‌ನಲ್ಲಿರುವ ಪೇಂಟಿಂಗ್ ಎಂಟು ತಿಂಗಳು ತಲೆಕೆಳಗಾಗಿ ನೇತಾಡುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ನೆಂಟರು ನೋಡಿದರು, ಪಕ್ಕದ ಫ್ಲ್ಯಾಟಿನವರು ನೋಡಿದರು, ಆರ್ಕಿಟೆಕ್ಟ್ ಗೆಳೆಯರೊಬ್ಬರು ಅದರ ಮುಂದೆ ಕೈ ಕಟ್ಟಿ ನಿಂತು ‘ಬ್ಯಾಲೆನ್ಸ್ ಚೆನ್ನಾಗಿದೆ’ ಅಂತಲೂ ಹೇಳಿದರು. ಅನುಮಾನ ಬಂದಿದ್ದು ನಮ್ಮ ಅತ್ತೆಗೆ ಮಾತ್ರ. ಯುಗಾದಿಗೆ ಸಾಗರದಿಂದ ಬಂದಿದ್ದರು. ಕಾಫಿ ಲೋಟ ಹಿಡಿದು ಸ್ವಲ್ಪ ಹೊತ್ತು ನೋಡಿ, ‘ಅಲ್ಲಾ, ಬಣ್ಣ ಮೇಲಕ್ಕೆ ಸೋರುತ್ತೇನೇ?’ ಅಂದರು. ನಾನು ‘ಅದು ಅಬ್‌ಸ್ಟ್ರ್ಯಾಕ್ಟ್ ಅತ್ತೆ, ಬರೀ ಬಣ್ಣ, ಆಕಾರ, ಹಾಗೇ ಇರುತ್ತೆ’ ಅಂದೆ. ನನ್ನ ಧೈರ್ಯ ನೋಡಿ!

ಕಥೆ ಮೊದಲಿಂದ ಹೇಳುತ್ತೇನೆ. ಈ ಮನೆಗೆ ಬಂದಾಗ ಸೋಫಾ ಮೇಲಿನ ಗೋಡೆ ಖಾಲಿ ಇತ್ತು. ಆನ್‌ಲೈನ್‌ನಲ್ಲಿ ಹುಡುಕಿ, ‘ಕೈಯಲ್ಲೇ ಬಿಡಿಸಿದ ಅಮೂರ್ತ (ಅಬ್‌ಸ್ಟ್ರ್ಯಾಕ್ಟ್) ಚಿತ್ರ’ ಅಂತ ಬರೆದಿದ್ದ ಒಂದನ್ನು ತರಿಸಿದೆ. ನೀಲಿ, ಬಿಳಿ, ಮಧ್ಯೆ ಒಂದಿಷ್ಟು ಚಿನ್ನದ ಬಣ್ಣ. ಮೊದಲ ವಾರ ಖುಷಿಯೋ ಖುಷಿ. ಒಂದು ಸಂಜೆ ಬಾಲ್ಕನಿಯ ಬಿಸಿಲು ಓರೆಯಾಗಿ ಅದರ ಮೇಲೆ ಬಿತ್ತು. ಬ್ರಷ್ ಎಳೆದ ಗೆರೆಗಳು ಎದ್ದು ಕಂಡವು, ಆದರೆ ಅವಕ್ಕೂ ಬಣ್ಣಕ್ಕೂ ಸಂಬಂಧವೇ ಇರಲಿಲ್ಲ. ನೀಲಿ ಒಂದು ಕಡೆ ತಿರುಗಿದರೆ ಗೆರೆ ಇನ್ನೊಂದು ಕಡೆ ಹೋಗುತ್ತಿತ್ತು. ಅಂದರೆ ಪ್ರಿಂಟ್ ಹೊಡೆದು, ಮೇಲೆ ಪಾರದರ್ಶಕವಾದ ಜೆಲ್ ಬಳಿದು ಬ್ರಷ್ ಆಡಿಸಿದ್ದಾರೆ, ಅಷ್ಟೇ. ಮಗಳ ಭೂತಗನ್ನಡಿ ತಂದು ನೋಡಿದರೆ ಪೇಪರ್‌ನಲ್ಲಿ ಬರುವ ಫೋಟೋದ ಹಾಗೆ ಚುಕ್ಕಿ ಚುಕ್ಕಿ. ಪ್ರಿಂಟ್ ಹಾಕಿಕೊಳ್ಳುವುದು ತಪ್ಪೇನಲ್ಲ. ಪ್ರಿಂಟ್ ಅಂತ ಹೇಳಿ ಪ್ರಿಂಟಿನ ಬೆಲೆಗೆ ಕೊಟ್ಟಿದ್ದರೆ ನನಗೆ ಬೇಜಾರೇ ಇರುತ್ತಿರಲಿಲ್ಲ.

ಅವತ್ತಿಂದ ಒಂದು ಅಭ್ಯಾಸ ಆಗಿದೆ. ಕ್ಯಾನ್ವಾಸ್ ನೋಡಿದರೆ ಮೊದಲು ಅದರ ಪಕ್ಕದ ಅಂಚು ನೋಡುತ್ತೇನೆ, ಆಮೇಲೆ ಹಿಂದೆ ತಿರುಗಿಸುತ್ತೇನೆ. ಕೈಯಲ್ಲಿ ಮಾಡಿದ್ದರೆ ಅಂಚಲ್ಲಿ ಹನಿ ಬಿದ್ದಿರುತ್ತೆ, ಕೆಳಗಿನ ಪದರದ ಬಣ್ಣ ಇಣುಕುತ್ತಿರುತ್ತೆ, ಎಲ್ಲೋ ಒಂದು ಬೆರಳಚ್ಚು ಇರುತ್ತೆ.

ಜನವರಿಯಲ್ಲಿ ಚಿತ್ರಸಂತೆಗೆ ಹೋದೆ. ಹೋಗದವರಿಗೆ ಹೇಳುತ್ತೇನೆ: ಚಿತ್ರಕಲಾ ಪರಿಷತ್ತಿನವರು ವರ್ಷಕ್ಕೊಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸಿ ನಡೆಸುವ ಸಂತೆ ಇದು. ಬೇರೆ ಬೇರೆ ರಾಜ್ಯಗಳಿಂದ ಸಾವಿರಕ್ಕೂ ಜಾಸ್ತಿ ಕಲಾವಿದರು ಬಂದು ಫುಟ್‌ಪಾತ್ ಮೇಲೆ ಚಿತ್ರ ಹರಡಿಕೊಂಡು ಕೂರುತ್ತಾರೆ. ನೂರು ರೂಪಾಯಿಯದ್ದೂ ಇರುತ್ತೆ, ಲಕ್ಷದ್ದೂ ಇರುತ್ತೆ. ‘ಮನೆಗೊಂದು ಕಲಾಕೃತಿ’ ಅನ್ನುವುದು ಅವರ ಘೋಷಣೆ. ಬೆಳಗ್ಗೆ ಒಂಬತ್ತಕ್ಕೇ ಹೋಗಿಬಿಡಿ, ಹನ್ನೊಂದರ ಮೇಲೆ ಚಿತ್ರಕ್ಕಿಂತ ಜನರ ಬೆನ್ನೇ ಜಾಸ್ತಿ ಕಾಣುತ್ತೆ.

ಬುದ್ಧ, ಕುದುರೆ, ಗಣೇಶ, ಮಳೆಯಲ್ಲಿ ಕೊಡೆ ಹಿಡಿದ ಜೋಡಿ, ಮತ್ತೆ ಬುದ್ಧ. ಇವೆಲ್ಲ ದಾಟಿ ಬಂದಾಗ ಒಂದು ಮರದ ಬುಡದಲ್ಲಿ, ಈಗ ಹಾಲ್‌ನಲ್ಲಿರುವ ಈ ಚಿತ್ರ ಕಂಡಿತು. ಮೂರಡಿಗೆ ಮೂರಡಿ, ಸರಿಯಾಗಿ ಚೌಕ. ಅರ್ಧಕ್ಕಿಂತ ಜಾಸ್ತಿ ಕಾವಿ ಬಣ್ಣ, ಅದರೊಳಗೆ ಇಟ್ಟಿಗೆ ಕೆಂಪು, ಒಂದು ಪಟ್ಟಿ ನೀಲಿ ಬೆರೆತ ಬೂದು. ನೈಫ್‌ನಲ್ಲಿ (ಬಣ್ಣ ಮೆತ್ತುವ ಚಪ್ಪಟೆ ಚಾಕು) ಬಣ್ಣ ದಪ್ಪಕ್ಕೆ ಮೆತ್ತಿ, ಮತ್ತೆ ಕೆರೆದು ತೆಗೆದಿದ್ದರು. ಕೆರೆದ ಜಾಗದಲ್ಲಿ ಅಡಿಯಿಂದ ಅರಿಶಿನ ಇಣುಕುತ್ತಿತ್ತು. ಮುಂದೆ ಹೋಗಿ ನೋಡಿದೆ, ಹಿಂದೆ ಬಂದು ನೋಡಿದೆ. ಮುಂದಿನ ಸ್ಟಾಲ್‌ಗಳನ್ನು ನೋಡುವಾಗಲೂ ತಲೆಯಲ್ಲಿ ಇದೇ ಇತ್ತು, ವಾಪಸ್ ಬಂದೆ. ಕೊಳ್ಳೋಕೆ ನನಗೆ ಅಷ್ಟು ಸಾಕು. ಪರದೆಗೆ ಮ್ಯಾಚ್ ಆಗುತ್ತಾ, ಕುಶನ್‌ಗೆ ಮ್ಯಾಚ್ ಆಗುತ್ತಾ ಅಂತೆಲ್ಲ ನೋಡಬೇಡಿ. ಕುಶನ್ ಕವರ್ ಎರಡು ವರ್ಷಕ್ಕೆ ಬದಲಾಗುತ್ತೆ.

ಕಲಾವಿದರು ಕಲಬುರಗಿ ಕಡೆಯವರು. ‘ಇದರಲ್ಲಿ ಏನಿದೆ ಸರ್?’ ಅಂತ ಕೇಳಿಯೇಬಿಟ್ಟೆ. ಕೇಳಬಾರದು ಅಂತ ಗೊತ್ತಿದ್ದೂ. ‘ಏನಿಲ್ರಿ ಮೇಡಂ, ಬಿಸಲ ಅದ, ಕಲ್ಲ ಅದ, ಅಷ್ಟೇರಿ’ ಅಂದರು. ಹದಿನೆಂಟು ಸಾವಿರ ಹೇಳಿದರು, ನಾನು ಹದಿನೈದಕ್ಕೆ ಇಳಿಸಿದೆ. ಆಮೇಲೆ ಅಷ್ಟು ದೊಡ್ಡ ಕ್ಯಾನ್ವಾಸಿಗೆ, ಅದರ ಮರದ ಚೌಕಟ್ಟಿಗೆ, ಅಷ್ಟು ದಪ್ಪಕ್ಕೆ ಮೆತ್ತಿದ ಬಣ್ಣಕ್ಕೆ ಎಷ್ಟಾಗುತ್ತೆ ಅಂತ ವಿಚಾರಿಸಿದಾಗ ನಾಚಿಕೆ ಆಯಿತು. ರೈಲು ಚಾರ್ಜು ಬೇರೆ.

ಫ್ರೇಮ್ ಹಾಕೋಕೆ ಕೊಟ್ಟೆ. ಮೂರು ವಾರ ಸತಾಯಿಸಿದರು. ಹಿಂಬದಿಗೆ ನೀಟಾಗಿ ಕಂದು ಕಾಗದ ಅಂಟಿಸಿ, ತಂತಿ ಕಟ್ಟಿ ಕೊಟ್ಟರು. ಸಹಿ ಇದ್ದದ್ದು ಹಿಂಬದಿಯಲ್ಲಿ, ‘ಮೇಲೆ’ ಅಂತ ಬಾಣದ ಗುರುತು ಹಾಕಿದ್ದೂ ಅಲ್ಲೇ. ಎರಡೂ ಕಾಗದದ ಅಡಿಗೆ ಹೋದವು. ತಂತಿ ಯಾವ ಕಡೆ ಇತ್ತೋ ಅದೇ ಮೇಲೆ ಅಂದುಕೊಂಡು, ಡ್ರಿಲ್ ಮಾಡಿಸಿ, ಗಿಟ್ಟಿ ಹೊಡೆಸಿ ನೇತುಹಾಕಿದೆವು. ಮೂರು ವಾರದಲ್ಲಿ ನಾನೂ ಮರೆತಿದ್ದೆ, ಒಪ್ಪಿಕೊಳ್ಳುತ್ತೇನೆ.

ಆ ಬೂದು ಪಟ್ಟಿ ಹೀಗೆ ಮೇಲೆ ಬಂತು. ನಮಗೆಲ್ಲ ಅದು ಮೋಡ. ಕಾವಿ ನೆಲದ ಮೇಲೆ ಮಳೆ ಮೋಡ ಕವಿದ ಹಾಗೆ. ಪ್ರತಿದಿನ ಬೆಳಗ್ಗೆ ಅದನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. ಗೌರಿ ಹಬ್ಬಕ್ಕೆ ಮುಂಚೆ ಫೋನ್‌ನಲ್ಲಿ ಹಳೇ ಫೋಟೋ ಅಳಿಸುವಾಗ ಸಂತೆಯ ಫೋಟೋ ಸಿಕ್ಕಿತು. ಮೋಡ ಕೆಳಗಿತ್ತು! ಕಾಗದ ಹರಿದು ನೋಡಿದರೆ ಬಾಣ ಸೀದಾ ನೆಲ ತೋರಿಸುತ್ತಿದೆ.

ಸಮಾಧಾನಕ್ಕೆ ಹುಡುಕಿದಾಗ ದೊಡ್ಡವರ ಸಹವಾಸವೇ ಸಿಕ್ಕಿತು. 1961ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಫ್ರೆಂಚ್ ಕಲಾವಿದ ಮಟೀಸ್ ಅವರ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿತ್ತು. ಅದಾದರೂ ದೋಣಿ. ಡಚ್ ಅಮೂರ್ತ ಕಲಾವಿದ ಮೊಂಡ್ರಿಯಾನ್ ಅವರದ್ದು ಇನ್ನೂ ಮಜಾ. ಬಣ್ಣದ ಟೇಪ್ ಅಂಟಿಸಿ ಮಾಡಿದ ಅವರ ಒಂದು ಕೃತಿಯನ್ನು 1945ರಿಂದಲೂ ಉಲ್ಟಾ ಹಾಕುತ್ತಿದ್ದರಂತೆ. ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಕ್ಯುರೇಟರ್ (ಮ್ಯೂಸಿಯಂನಲ್ಲಿ ಪ್ರದರ್ಶನ ಜೋಡಿಸುವವರು) ಒಬ್ಬರು ಇದನ್ನು 2022ರಲ್ಲಿ ಹೇಳಿದರು. ಗೆರೆಗಳು ಒತ್ತೊತ್ತಾಗಿರುವ ಭಾಗ ಕೆಳಗಲ್ಲ, ಮೇಲಿರಬೇಕಿತ್ತು ಅಂತ. ಅವರಿಗೂ ಒಂದು ಹಳೇ ಫೋಟೋ ಸಿಕ್ಕಿತ್ತು, ಕಲಾವಿದರ ಸ್ಟುಡಿಯೋದ್ದು. ಆದರೂ ತಿರುಗಿಸಲಿಲ್ಲ. ಇಷ್ಟು ವರ್ಷದ ಮೇಲೆ ತಿರುಗಿಸಿದರೆ ಟೇಪ್ ಕಿತ್ತು ಬರಬಹುದು ಅಂತ ಹಾಗೇ ಬಿಟ್ಟರು.

ನಮ್ಮದಕ್ಕೆ ಅಂಥ ನೆಪ ಇರಲಿಲ್ಲ. ಕಲಾವಿದರಿಗೆ ಫೋನ್ ಮಾಡಿದೆ. ಅಬ್‌ಸ್ಟ್ರ್ಯಾಕ್ಟ್ ಅಲ್ವಾ, ಹೇಗೆ ಹಾಕಿದರೂ ನಡೆಯುತ್ತೆ ಅಂತಾರೇನೋ ಅಂದುಕೊಂಡಿದ್ದೆ. ‘ಎಂಟ್ ತಿಂಗಳಾತೇನ್ರಿ?’ ಅಂತ ನಕ್ಕರು, ಆಮೇಲೆ ಗಂಭೀರವಾಗಿ ‘ಇಲ್ರಿ ಮೇಡಂ, ತಿರುಗಿಸ್ರಿ. ಅದು ಶಹಾಬಾದ್ ಕಲ್ಲಿನ ಬಣ್ಣ. ನೆಲ ಅದ ಅದು. ಕಲ್ಲ ತಲಿ ಮ್ಯಾಲ ಇಟ್ಕೊಂಡ್ರ ಹೆಂಗ್ರಿ?’ ಅಂದರು. ಏನು ಬೇಕಾದರೂ ಆಗಬಹುದು ಅಂತ ಮಾಡಿದ ಚಿತ್ರ ಅಲ್ಲ ಅದು. ಭಾರ ಎಲ್ಲಿ ಕೂರಬೇಕು ಅಂತ ಅವರು ಯೋಚಿಸಿಯೇ ಮಾಡಿದ್ದಾರೆ. ನಮಗೆ ಹೆಸರು ಹೇಳೋಕೆ ಬರುವ ವಸ್ತು ಅದರೊಳಗೆ ಇಲ್ಲ, ಅಷ್ಟೇ.

ಇಳಿಸಿದಾಗ ಇನ್ನೊಂದು ಕಂಡಿತು. ನೈಫ್‌ನಲ್ಲಿ ಮೆತ್ತಿದ ಬಣ್ಣದ ದಿಬ್ಬಗಳ ಮೇಲೆಲ್ಲ ಎಂಟು ತಿಂಗಳ ಧೂಳು, ಪುಟ್ಟ ಪುಟ್ಟ ಶೆಲ್ಫ್ ಮೇಲೆ ಕೂತ ಹಾಗೆ ಕೂತಿತ್ತು. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣಗಿದ ಮೆತ್ತನೆ ಬ್ರಷ್ ಸಾಕು. ಹಿಂದೆ ನಾಲ್ಕೂ ಮೂಲೆಗೆ ಕಾರ್ಕ್ ತುಂಡು ಅಂಟಿಸಿದೆ, ಗೋಡೆಗೂ ಕ್ಯಾನ್ವಾಸಿಗೂ ಮಧ್ಯೆ ಗಾಳಿ ಆಡಲಿ ಅಂತ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಚಿತ್ರಕ್ಕೂ ಬೂಷ್ಟು ಬರುತ್ತೆ. ಬಾತ್‌ರೂಮಿನ ಆಚೆ ಬದಿಯ ಗೋಡೆಗಂತೂ ಬೇಡವೇ ಬೇಡ. ಜೊತೆಗೆ ಒಂದು ಗೇಣು ಕೆಳಗೂ ಇಳಿಸಿದೆವು. ನಮ್ಮ ಕಡೆ ಎಲ್ಲರೂ ಚಿತ್ರವನ್ನು ದೇವರ ಫೋಟೋ ಹಾಗೆ ಕತ್ತೆತ್ತಿ ನೋಡುವಷ್ಟು ಮೇಲೆ ಹಾಕುತ್ತಾರೆ. ಯಾಕೋ ಗೊತ್ತಿಲ್ಲ.

ತಿರುಗಿಸಿದ ಮೇಲೆ ಸೋರಿದ ಬಣ್ಣ ಕೆಳಕ್ಕೆ ಇಳಿಯುತ್ತಿದೆ, ಕಾವಿ ಮೇಲೆ ಹರಡಿಕೊಂಡು ಹಾಲ್‌ಗೆ ಬಿಸಿಲು ಬಂದ ಹಾಗಿದೆ. ಅತ್ತೆಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ, ತಪ್ಪೊಪ್ಪಿಗೆ ಸಮೇತ. ರಾತ್ರಿ ಉತ್ತರ ಬಂತು: ‘ಈಗ ಸರಿಯಾಯ್ತು. ಆದ್ರೆ ಆ ಮೋಡ ಚೆನ್ನಾಗಿತ್ತು ಕಣೇ.’