ಕೇಬಲ್ ತಲುಪಿತ್ತು, ನೆಟ್ ತಲುಪಿರಲಿಲ್ಲ

ಮೇ ತಿಂಗಳ ಕೊನೆ. ಮಲೆನಾಡಲ್ಲಿ ಗುಡುಗು ಮಳೆ ಶುರುವಾಗಿತ್ತು. ಒಂದು ಗ್ರಾಮ ಪಂಚಾಯ್ತಿಯಲ್ಲಿ ಬ್ರಾಡ್‌ಬ್ಯಾಂಡ್ ನಿಂತು 11 ದಿನ ಆಯ್ತು ಅಂತ ದೂರು ಬಂತು. ನಾನು ಫೈಬರ್ ಜೋಡಿಸುವ ಕೆಲಸದವನು. ಲಿಂಕ್ ಇಲ್ಲ ಅಂದ ಕೂಡಲೇ ನನಗೆ ಹೊಳೆಯುವುದು ಒಂದೇ, ಎಲ್ಲೋ ಕೇಬಲ್ ಕಟ್ ಆಗಿದೆ. ಸ್ಪ್ಲೈಸಿಂಗ್ ಮಷಿನ್ ಜೀಪಿಗೆ ಹಾಕಿಕೊಂಡು ಹೊರಟೆವು.

ಹಾಗೆ ಅಂದುಕೊಳ್ಳಲು ಕಾರಣವೂ ಇದೆ. ರಸ್ತೆ ಅಗಲ ಮಾಡಲಿ, ನೀರಿನ ಪೈಪು ಹಾಕಲಿ, ಜೆಸಿಬಿ ಹಲ್ಲು ತಾಗುವುದು ನಮ್ಮ ಕೇಬಲ್‌ಗೇ. ದಾರಿಯಲ್ಲಿ ಹೊಸ ಮೋರಿ ಕಂಡಿತು. ಇಲ್ಲೇ ಇರಬೇಕು ಅಂತ ಇಬ್ಬರು ಆಳು ಹಿಡಿದು ಅಗೆಸಿದೆ. ಜಾಯಿಂಟ್ ಬಾಕ್ಸ್ ಬಿಚ್ಚಿ ನೋಡಿದರೆ ಕೂದಲೆಳೆಯಂಥ ಫೈಬರ್‌ಗಳು ಸುತ್ತಿಟ್ಟ ಹಾಗೇ ಇದ್ದವು. ಒಂದೂ ಮುರಿದಿರಲಿಲ್ಲ. ಅರ್ಧ ದಿನ ಹೋಯಿತು.

ಫೈಬರ್‌ನಲ್ಲಿ ನೆಟ್ ಬರುವುದು ಬೆಳಕಾಗಿ. ಪಂಚಾಯ್ತಿ ಕಚೇರಿಗೆ ಬಂದು ಫೈಬರ್ ತುದಿಗೆ ಆ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿದೆ. ಮೈನಸ್ 19 ತೋರಿಸಿತು. ಮೈನಸ್ 27ರ ತನಕ ಇಳಿದರೂ, ಬೆಳಕನ್ನು ನೆಟ್ ಆಗಿ ಬದಲಿಸುವ ಕಚೇರಿಯ ಪೆಟ್ಟಿಗೆ ಕೆಲಸ ಮಾಡುತ್ತದೆ. ಅಂದರೆ ತಾಲೂಕಿನಿಂದ ಬೆಳಕು ಸೊಗಸಾಗಿ ಬರುತ್ತಿತ್ತು. ಪೆಟ್ಟಿಗೆಗೆ ಕರೆಂಟೇ ಇರಲಿಲ್ಲ. ಕೆಳಗಿದ್ದ ಬ್ಯಾಟರಿ ಹೊಟ್ಟೆ ಉಬ್ಬಿ ಸತ್ತಿತ್ತು. ಪ್ಲಗ್ ಕಿತ್ತು ಗೋಡೆ ಮೊಳೆಗೆ ನೇತು ಹಾಕಿತ್ತು.

"ಸಿಡಿಲಿಗೆ ಸುಟ್ಟುಹೋದೀತು ಅಂತ ನಾನೇ ತೆಗೆದಿಟ್ಟೆ ಸಾರ್," ಅಂದರು ಅಟೆಂಡರ್. "ಹೋದ ವರ್ಷ ಒಂದು ಸುಟ್ಟಿತ್ತಲ್ಲ. ಆಮೇಲೆ ಯಾವುದನ್ನ ಎಲ್ಲಿಗೆ ಹಾಕಬೇಕು ಅಂತ ತಿಳೀಲಿಲ್ಲ."

ಅವರು ಮಾಡಿದ್ದು ಸರಿಯೇ. ಸಿಡಿಲಿಗೆ ಪ್ಲಗ್ ತೆಗೆಯಬೇಕು. ಮತ್ತೆ ಹೇಗೆ ಹಾಕಬೇಕು ಅಂತ ನಾವು ಯಾರೂ ಅವರಿಗೆ ತೋರಿಸಿಕೊಟ್ಟಿರಲಿಲ್ಲ. ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದರು, ಬೆಳೆ ಸಾಲಕ್ಕೆ ಪಹಣಿ ಬೇಕಿತ್ತಂತೆ. "ಮೂರನೇ ಸಲ ಬಂದದ್ದು ತಮ್ಮಾ, ಇವತ್ತಾದರೂ ಆಗ್ತದಾ?" ಅಂದರು. ಪ್ಲಗ್ ಹಾಕಿದೆ. ಎರಡು ನಿಮಿಷಕ್ಕೆ ಹಸಿರು ದೀಪ ಬಂತು.

ಮರುದಿನ ತಾಲೂಕಿನಲ್ಲಿ ಕೂತು ಅಲಾರಂ ಪಟ್ಟಿ ತೆಗೆದೆ. 11 ದಿನದ ಹಿಂದಿನ ಸಾಲಿನಲ್ಲಿ 'ಡೈಯಿಂಗ್ ಗ್ಯಾಸ್ಪ್' ಅಂತ ಇತ್ತು. ಅಂದರೆ ಕೊನೆಯುಸಿರು. ಕರೆಂಟ್ ಹೋದ ಕ್ಷಣ ಪೆಟ್ಟಿಗೆಯೊಳಗೆ ಚೂರು ವಿದ್ಯುತ್ ಉಳಿದಿರುತ್ತದೆ. ಅಷ್ಟರಲ್ಲೇ ಅದು 'ನನಗೆ ಕರೆಂಟ್ ಹೋಯಿತು' ಅಂತ ಆ ಫೈಬರ್ ಮೇಲೇ ಹೇಳಿ ಆರಿಹೋಗುತ್ತದೆ. ಕೇಬಲ್ ಕಡಿದಿದ್ದರೆ ಹಾಗೆ ಹೇಳಲು ದಾರಿಯೇ ಇರುವುದಿಲ್ಲ, ಬರೀ ಬೆಳಕು ಹೋದ ಅಲಾರಂ ಬರುತ್ತದೆ. ಆ ಸಾಲನ್ನು ಹೊರಡುವ ಮೊದಲೇ ನೋಡಿದ್ದರೆ ಒಂದು ಫೋನ್‌ನಲ್ಲಿ ಮುಗಿಯುವ ಕೆಲಸ. ನಾನು ನೋಡಲಿಲ್ಲ. ಇದು ನನ್ನ ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ದೇಶದ ಲೆಕ್ಕ ನೋಡುವಾಗಲೂ ಈಗ ನನಗೆ ಆ ಮೊಳೆಯ ಪ್ಲಗ್ ನೆನಪಾಗುತ್ತದೆ. 2011ರಲ್ಲಿ ಒಪ್ಪಿಗೆ ಸಿಕ್ಕಿ, 2015ರಲ್ಲಿ ಭಾರತ್‌ನೆಟ್ ಅಂತ ಹೆಸರಾದ, ಹಳ್ಳಿಗಳಿಗೆ ಫೈಬರ್ ನೆಟ್ ತಲುಪಿಸುವ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳು. ಗುರಿ ದೊಡ್ಡದು, ಬೇಕಾದದ್ದೇ. ಪಟ್ಟಣಗಳಲ್ಲಿ 100 ಜನಕ್ಕೆ ಫೋನ್ ಸಂಪರ್ಕ 100 ದಾಟಿ ಎಷ್ಟೋ ಕಾಲವಾಯಿತು. ಹಳ್ಳಿಗಳಲ್ಲಿ ಇನ್ನೂ 60ರ ಆಸುಪಾಸಿನಲ್ಲಿದೆ. ಆದರೆ ಕೇಬಲ್ ಮುಟ್ಟಿದ ಪಂಚಾಯ್ತಿ ಎಷ್ಟು ಅಂತ ಎಣಿಸಿದ ಹಾಗೆ, ಗಾಳಿ ಮಳೆಯ ದಿನ ಎಷ್ಟು ಕಡೆ ದೀಪ ಉರಿಯುತ್ತಿತ್ತು ಅಂತಲೂ ಎಣಿಸಬೇಕಲ್ವಾ? 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಕೇಬಲ್ಲನ್ನು ಬಳೆಯ ಹಾಗೆ ಸುತ್ತಿ ತರುವುದು ಅದರಲ್ಲಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. 10 ವರ್ಷದ ನಿರ್ವಹಣೆ, ಕರೆಂಟ್ ಹೋದಾಗಿನ ವ್ಯವಸ್ಥೆಯೂ ಸೇರಿದೆ. ನನಗೆ ಜಾಸ್ತಿ ಆಸೆ ಇರುವುದು ಈ ಕೊನೆಯದರ ಮೇಲೆ.

ಹಳ್ಳಿಯ ಕರೆಂಟು, ಧೂಳು, ಸೆಕೆಯನ್ನು ಮೊದಲೇ ಲೆಕ್ಕಕ್ಕೆ ತಗೊಂಡವರು ಹಿಂದೆಯೂ ಇದ್ದರು. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅದಕ್ಕೆ ಎಸಿ ಕೋಣೆ ಬೇಕಿರಲಿಲ್ಲ. ಹಾಗೇ ಮಾಡಬೇಕು ಅಂತಲೇ ಅದನ್ನು ಮಾಡಿದ್ದು.

ಈಗ ಜೀಪ್ ತೆಗೆಯುವ ಮೊದಲು ನಾನು ಅಲಾರಂ ಪಟ್ಟಿ ನೋಡುತ್ತೇನೆ. ಪಂಚಾಯ್ತಿಗೆ ಫೋನ್ ಮಾಡಿ ಯಾವ ದೀಪ ಉರಿಯುತ್ತಿದೆ ಅಂತ ಕೇಳುತ್ತೇನೆ. ನನ್ನ ಸುಪರ್ದಿಯ ಪೆಟ್ಟಿಗೆಗಳ ಪ್ಲಗ್‌ಗೂ ಸಾಕೆಟ್‌ಗೂ ಹಳದಿ ಟೇಪ್ ಸುತ್ತಿದ್ದೇನೆ. ಒಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿದ್ದೇನೆ. ಅಟೆಂಡರ್ ಕೈಯಲ್ಲೇ ಒಂದು ಸಲ ತೆಗೆಸಿ, ಹಾಕಿಸಿ ನೋಡದೆ ಹೊರಡುವುದಿಲ್ಲ.

ಮೊನ್ನೆ ಅದೇ ಅಟೆಂಡರ್ ಫೋನ್ ಮಾಡಿದ್ದರು. "ಗುಡುಗು ನಿಂತಿತು ಸಾರ್, ಹಳದಿ ಪ್ಲಗ್ ಹಾಕಿದೆ. ಹಸಿರು ಬಂತು. ಆದರೆ ಹೊಸ ಬ್ಯಾಟರಿ ಇನ್ನೂ ಬಂದಿಲ್ಲ." ಅದರ ಪತ್ರ ಮೂರನೇ ಸಲ ಕಳಿಸಿದ್ದೇನೆ.