ಜೀರುಂಡೆ ರೆಕಾರ್ಡಿಂಗ್: ಮಾರ್ಚ್‌ನಿಂದ ಮೇ ತನಕ ಆಗಿದ್ದಿಷ್ಟು

ಫೆಬ್ರವರಿಯಲ್ಲಿ ದೊಡ್ಡಪ್ಪ ಫೋನ್ ಮಾಡಿದ್ದರು. ಅಡಿಕೆ ರೇಟು, ಎಲೆಚುಕ್ಕಿ ರೋಗ, ಆಳು ಸಿಗದ ಕತೆ ಎಲ್ಲ ಮುಗಿದ ಮೇಲೆ, "ಈಗ ಜೀರುಂಡೆನೂ ಕೂಗಲ್ಲ ಮಾರಾಯ, ಎರಡು ಮೂರು ವರ್ಷ ಆಯ್ತು" ಅಂದರು. ತೀರ್ಥಹಳ್ಳಿ ಕಡೆಯ ತೋಟದ ಮನೆ, ಹಿಂದೆ ಸೊಪ್ಪಿನ ಬೆಟ್ಟ. ಚಿಕ್ಕಂದಿನಲ್ಲಿ ಬೇಸಿಗೆ ರಜಕ್ಕೆ ಹೋದರೆ ಸಂಜೆ ಹೊತ್ತು ಜಗುಲಿಯಲ್ಲಿ ಕೂತವರು ಮಾತು ನಿಲ್ಲಿಸಬೇಕಿತ್ತು, ಅಷ್ಟು ಗಲಾಟೆ. ಅಲ್ಲೇ ಇಲ್ಲ ಅಂದ್ರೆ ಹೇಗೆ? ಹೋಗಿ ರೆಕಾರ್ಡ್ ಮಾಡಿಯೇ ನೋಡೋಣ ಅಂತ ಹೊರಟೆ.

ಮಾರ್ಚ್ 29

ಮೊದಲ ದಿನವೇ ಉತ್ತರ ಸಿಕ್ಕಿತು. ಸಂಜೆ ಆರೂವರೆಗೆ ಬೆಟ್ಟದ ಅಂಚಿನಲ್ಲಿ ಒಂದು ಶುರು ಮಾಡಿತು, ಹತ್ತಿರದ್ದೊಂದು ಸೇರಿಕೊಂಡಿತು, ಐದೇ ನಿಮಿಷದಲ್ಲಿ ಕಿವಿ ತೂತಾಗುವಷ್ಟು ಆಯ್ತು. ಜೀರುಂಡೆ ಧಾರಾಳವಾಗಿ ಇದೆ. ಫೋನಿನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ, ರಾತ್ರಿ ಊಟ ಆದಮೇಲೆ ಹಾಕಿ ಕೇಳಿದರೆ ಏನೂ ಇಲ್ಲ! ನಾನು ಕೆಮ್ಮಿದ್ದು ಇದೆ, ನಾಯಿ ಬೊಗಳಿದ್ದು ಇದೆ, ಜೀರುಂಡೆ ಇಲ್ಲ. ಆಮೇಲೆ ಗೊತ್ತಾಯ್ತು, ಮನುಷ್ಯರ ಮಾತು ಚೆನ್ನಾಗಿ ಕೇಳಲಿ ಅಂತ ಹಿಂದಿನ ಗದ್ದಲವನ್ನು ಫೋನೇ ಅಳಿಸಿಹಾಕುತ್ತೆ. ಬೆಟ್ಟವೆಲ್ಲ ಕೂಗಿದ್ದು ಅದರ ಲೆಕ್ಕದಲ್ಲಿ ಗದ್ದಲ.

ಏಪ್ರಿಲ್ 11, 12

ಗೆಳೆಯನಿಂದ ಕೈಲಿ ಹಿಡಿಯೋ ರೆಕಾರ್ಡರ್ ಎರವಲು ತಂದೆ. ಲೆವೆಲ್ ಎಷ್ಟು ಇಳಿಸಿದರೂ ಮೊದಲ ಎರಡು ಫೈಲಿನಲ್ಲಿ ಸದ್ದು ಒಡೆದುಹೋಯ್ತು. ಮರದಿಂದ ಹತ್ತು ಹೆಜ್ಜೆ ದೂರ ಸರಿದ ಮೇಲೆ ಸರಿಯಾಯ್ತು. ಒಟ್ಟು ನಾಲ್ಕು ಒಳ್ಳೆಯ ತುಣುಕು.

ಇಲ್ಲಿ ನನ್ನ ಮರ್ಯಾದೆ ಹೋದ ವಿಷಯ ಹೇಳಬೇಕು. "ಮಳೆಗಾಲದ ರಾತ್ರಿ ಜೀರುಂಡೆ ಸದ್ದು ಕೇಳುತ್ತಾ ಮಲಗೋದು" ಅಂತ ಎಷ್ಟು ಜನರ ಹತ್ತಿರ ಕೊಚ್ಚಿಕೊಂಡಿದ್ದೇನೋ. ಅದು ಜೀರುಂಡೆ ಅಲ್ಲವೇ ಅಲ್ಲ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಎರಡೂ ಸದ್ದಿನ ಸ್ಪೆಕ್ಟ್ರೋಗ್ರಾಮ್, ಅಂದ್ರೆ ಸದ್ದಿನ ಚಿತ್ರ, ಪಕ್ಕಪಕ್ಕ ಇಟ್ಟು ನೋಡಿದೆ. ರಾತ್ರಿಯದು ಸೂಜಿಯಲ್ಲಿ ಗೀಚಿದ ಹಾಗೆ ತೆಳ್ಳನೆ ಗೆರೆ, ಬಿಟ್ಟು ಬಿಟ್ಟು ಬರುತ್ತೆ. ಅದು ಮಿಡತೆಯ ಕಡೆಯ ಹುಳ, ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡೋದು. ಸಂಜೆಯದು ದಪ್ಪ ಪಟ್ಟಿ, ಕಂಬಳಿ ಹಾಸಿದ ಹಾಗೆ. ಇದು ಮರದಲ್ಲಿ ಕೂತು ರಸ ಹೀರೋ ಜೀರುಂಡೆ, ಸಂಬಂಧದಲ್ಲಿ ತಿಗಣೆಗೆ ಹತ್ತಿರ. ಕೂಗೋದು ಗಂಡು ಮಾತ್ರ. ಡಬ್ಬದ ಮುಚ್ಚಳ ಒತ್ತಿದರೆ ಟಕ್ ಅಂತ ತಗ್ಗಿ, ಬಿಟ್ಟರೆ ಟಕ್ ಅಂತ ಉಬ್ಬುತ್ತಲ್ಲ, ಹಾಗೆ ಹೊಟ್ಟೆಯ ಬುಡದಲ್ಲಿ ಎರಡು ಕಡೆ ಪೊರೆ ಇರುತ್ತೆ, ಒಳಗಿನ ಸ್ನಾಯು ಅದನ್ನು ಸೆಕೆಂಡಿಗೆ ನೂರಾರು ಸಲ ಎಳೆದು ಬಿಡುತ್ತೆ. ಹೊಟ್ಟೆ ಹೆಚ್ಚುಕಮ್ಮಿ ಟೊಳ್ಳು, ಅದಕ್ಕೇ ಅಷ್ಟು ಜೋರು.

ತಪ್ಪು ನನ್ನೊಬ್ಬನದೇ ಅಲ್ಲ ಬಿಡಿ. ನಾವು ಎಲ್ಲದಕ್ಕೂ ಜೀರುಂಡೆ ಅಂತೀವಿ. ಗೊಬ್ಬರದ ಗುಂಡಿಯಲ್ಲಿ ಸಿಗೋ ಗಟ್ಟಿ ಬೆನ್ನಿನ ಹುಳಕ್ಕೂ ಅದೇ ಹೆಸರು. ಮಲಯಾಳದಲ್ಲಿ ಚೀವೀಡು ಅಂತಾರೆ, ಕೇರಳದ ಒಂದು ಹಸಿರು ಜೀರುಂಡೆಗೆ ವಿಜ್ಞಾನಿಗಳು ಪುರಾಣ ಚೀವೀಡ ಅಂತಲೇ ಹೆಸರಿಟ್ಟಿದ್ದಾರೆ. ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಏಪ್ರಿಲ್ 26

ರೆಕಾರ್ಡಿಂಗ್ ಆಗಲಿಲ್ಲ, ಗಾಳಿ. ಬದಲಿಗೆ ತೋಟದಲ್ಲಿ ಜೀರುಂಡೆ ಕಳಚಿಬಿಟ್ಟ ಪೊರೆ ಹುಡುಕಿದೆ. ಅಡಿಕೆ ಮರಗಳ ಮೇಲೆ ಮೊಣಕಾಲಿನಿಂದ ಎದೆ ಎತ್ತರದ ತನಕ, ಹನ್ನೊಂದು ಸಿಕ್ಕವು. ಮರಿಗಳು ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಹೀರಿಕೊಂಡು ಇದ್ದು, ಒಂದು ರಾತ್ರಿ ಹತ್ತಿ ಬಂದು ಬೆನ್ನು ಸೀಳಿಕೊಂಡು ಹೊರಬಂದಿದ್ದರ ಗುರುತು ಅದು. ಒಂದನ್ನು ಲೆನ್ಸ್ ಇಟ್ಟು ನೋಡಿದೆ. ಮುಂಗಾಲು ಏಡಿಯದರ ಹಾಗೆ ದಪ್ಪ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಹಾಗೇ ಇದೆ. ಬೆನ್ನಿನ ಸೀಳಿನಿಂದ ನಾಲ್ಕೈದು ಬಿಳಿ ದಾರ ಜೋತಾಡುತ್ತಿದ್ದವು. ಜೇಡರ ಬಲೆ ಅಂತ ಊದಿದೆ, ಹೋಗಲಿಲ್ಲ. ಅದು ಉಸಿರಾಟದ ನಳಿಗೆಗಳ ಒಳಪದರವಂತೆ, ಚರ್ಮದ ಜೊತೆ ಅದನ್ನೂ ಕಳಚಿ ಬರುತ್ತವೆ. ಉಸಿರಿನ ದಾರಿಯನ್ನೂ ಬಿಚ್ಚಿಟ್ಟು ಹೋಗೋದು! ಚೀನಾದಲ್ಲಿ ಹಾನ್ ರಾಜರ ಕಾಲದಲ್ಲಿ ಸತ್ತವರ ನಾಲಗೆ ಮೇಲೆ ಜೇಡ್ ಅನ್ನೋ ಕಲ್ಲಿನ ಜೀರುಂಡೆ ಇಡುತ್ತಿದ್ದರು, ಇನ್ನೊಂದು ಹುಟ್ಟಿನ ಆಸೆಗೆ. ಓದಿದಾಗ ವಿಚಿತ್ರ ಅನ್ನಿಸಿತ್ತು, ಆ ದಾರ ನೋಡಿದ ಮೇಲೆ ಅನ್ನಿಸಲಿಲ್ಲ.

ಚಿತ್ರ ಬಿಡಿಸೋಕೆ ಹೋಗಿ ಮೂರು ಹಾಳೆ ಹಾಳಾದವು. ಕಾಲು ಎಲ್ಲಿಂದ ಹುಟ್ಟುತ್ತೆ ಅನ್ನೋದೇ ಕೈಗೆ ಬರುತ್ತಿಲ್ಲ.

ಮೇ 3

ಹಲಸಿನ ಮರದ ಕೆಳಗೆ ನಿಂತಿದ್ದಾಗ ತಲೆ ಮೇಲೆ ಸಣ್ಣಗೆ ಹನಿ ಬಿತ್ತು. ಆಕಾಶದಲ್ಲಿ ಮೋಡದ ಸುಳಿವಿಲ್ಲ. "ಮರ ಬೆವರ್ತಿದೆ" ಅಂದರು ದೊಡ್ಡಮ್ಮ. ಚಿಕ್ಕಂದಿನಲ್ಲೂ ಹಾಗೇ ಹೇಳುತ್ತಿದ್ದರು, ನಾವು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದೆವು. ಜೀರುಂಡೆ ಕುಡಿಯೋ ರಸ ಬಹುಪಾಲು ನೀರೇ, ಸತ್ವ ಕಮ್ಮಿ, ಹಾಗಾಗಿ ರಾಶಿ ಕುಡಿದು ರಾಶಿ ಹೊರಗೆ ಚಿಮ್ಮಿಸಬೇಕು. ನಾವು ಕುಡಿದಿದ್ದು ಏನು ಅಂತ ದೊಡ್ಡಮ್ಮನಿಗೆ ಹೇಳಿದೆ. ಅವರು ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡರು.

ಅದೇ ರಾತ್ರಿ ತಂಗಿ ಮಗಳಿಗೆ ಇರುವೆ ಮಿಡತೆ ಕತೆ ಹೇಳುವ ಪಾಳಿ ನನ್ನದು. ಈಸೋಪನ ಆ ಕತೆಯಲ್ಲಿ ಗ್ರೀಕಿನಲ್ಲಿ ಇದ್ದದ್ದು ಮಿಡತೆ ಅಲ್ಲ, ಜೀರುಂಡೆ. ಜೀರುಂಡೆ ಕಾಣದ ಚಳಿ ದೇಶಗಳಿಗೆ ಹೋದಾಗ ಅದು ಮಿಡತೆಯಾಯ್ತು, ನಮಗೆ ಇಂಗ್ಲಿಷಿನಿಂದ ಬಂದಿದ್ದಕ್ಕೆ ನಮ್ಮಲ್ಲೂ ಮಿಡತೆ. ಬೆಟ್ಟದ ತುಂಬ ಜೀರುಂಡೆ ಇಟ್ಟುಕೊಂಡ ನಾವು! ಫ್ರಾನ್ಸಿನ ಕೀಟತಜ್ಞ ಫಾಬ್ರ್ ಈ ಕತೆ ಮೇಲೆ ಸಿಟ್ಟಾಗಿದ್ದರು. ಅವರು ಕಣ್ಣಾರೆ ನೋಡಿದ್ದು ಉಲ್ಟಾ: ಜೀರುಂಡೆ ಕೊಂಬೆ ಕೊರೆದು ರಸ ಕುಡಿಯುತ್ತಿದ್ದರೆ ಇರುವೆಗಳೇ ಬಂದು ಅದಕ್ಕೆ ಬಾಯಿ ಹಾಕುತ್ತಿದ್ದವು. ನಾನು ಆ ಕಡೆಯಿಂದ ಕತೆ ಹೇಳಿದೆ. ಪುಟ್ಟಿ ಒಪ್ಪಲಿಲ್ಲ, "ನಮ್ಮ ಮಿಸ್ ಹಾಗೆ ಹೇಳಿಲ್ಲ" ಅಂದಳು.

ಮೇ 17

ಇಷ್ಟು ದಿನ ದೊಡ್ಡಪ್ಪನಿಗೆ ಏನೂ ಹೇಳಿರಲಿಲ್ಲ. ಒಳ್ಳೆ ತುಣುಕು ಸಿಗಲಿ ಅಂತ. ಸಂಜೆ ಜಗುಲಿಯಲ್ಲಿ ಇಬ್ಬರೇ ಇದ್ದೆವು. ಬೆಟ್ಟ ಕೂಗೋಕೆ ಶುರು ಮಾಡಿತು. ದೊಡ್ಡಪ್ಪ ಕವಳ ಹಾಕುತ್ತಾ ಆರಾಮಾಗಿ ಕೂತಿದ್ದರು. "ನೋಡು, ಎಷ್ಟು ಸುಮ್ಮನಿದೆ" ಅಂದರು.

ನನಗೆ ಆಗ ಹೊಳೆಯಿತು. ವಯಸ್ಸಾದಂತೆ ಮೊದಲು ಹೋಗೋದು ಚೂಪು ಸ್ವರಗಳೇ ಅಲ್ವಾ. ನಮ್ಮ ಮಾತು ಅವರಿಗೆ ಚೆನ್ನಾಗಿಯೇ ಕೇಳುತ್ತೆ, ದೊಡ್ಡಮ್ಮ ಅಡುಗೆಮನೆಯಿಂದ ಕರೆದರೂ ಕೇಳುತ್ತೆ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ಹೋಗಿದ್ದು ಇದೊಂದೇ. ಹೆಡ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳಿಸಿದೆ. "ಇದರಲ್ಲಿ ಏನಿದೆ?" ಅಂದರು.

ರಾತ್ರಿ ಕೂತು ಫೈಲನ್ನು ಕಾಲು ವೇಗಕ್ಕೆ ಇಳಿಸಿದೆ. ವೇಗ ಇಳಿದರೆ ಸ್ವರವೂ ಇಳಿಯುತ್ತೆ. ಬೆಳಗ್ಗೆ ಕೇಳಿಸಿದರೆ, "ಇದ್ಯಾವುದೋ ಮಿಲ್ಲು" ಅಂತ ತೆಗೆದುಬಿಟ್ಟರು.

ಮೇ 18

ಎರಡನೇ ಪ್ರಯತ್ನ. ವೇಗ ಹಾಗೇ ಬಿಟ್ಟು ಸ್ವರ ಮಾತ್ರ ಎರಡು ಸ್ಥಾಯಿ ಕೆಳಗೆ ತಂದೆ. ಸಂಜೆ ಅದೇ ಜಾಗ, ಅದೇ ಹೊತ್ತು. ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತರು. ಅಡಿಕೆ ಕತ್ತರಿಸುತ್ತಿದ್ದ ಕೈ ನಿಂತಿತು. ಆ ತುಣುಕಿನಲ್ಲಿ ಒಂದು ಕಡೆ ಎಲ್ಲವೂ ಏರಿ ಏರಿ ಹೋಗಿ ಥಟ್ಟನೆ ನಿಲ್ಲುತ್ತೆ. ನಾನು ನೂರು ಸಲ ಕೇಳಿದ್ದೇನೆ, ಆದರೂ ಎಲ್ಲಿ ನಿಲ್ಲುತ್ತೆ ಅಂತ ನನಗೆ ಸರಿಯಾಗಿ ಗೊತ್ತಾಗಲ್ಲ. ದೊಡ್ಡಪ್ಪ ಅದಕ್ಕೆ ಒಂದು ಗಳಿಗೆ ಮುಂಚೆಯೇ ಬೆರಳೆತ್ತಿದರು, ನಿಂತಿತು.

"ಇನ್ನೊಂದು ಸಲ ಹಾಕು" ಅಂದರು. ಆಮೇಲೆ, "ಗಂಟಲು ಕಟ್ಟಿದೆ ಪಾಪ ಇದಕ್ಕೆ."

ಬಾಕಿ ಕೆಲಸ: ಸ್ವರ ಒಂದೂವರೆ ಸ್ಥಾಯಿ ಮಾತ್ರ ಇಳಿಸಿ ನೋಡಬೇಕು, ಗಂಟಲು ಸ್ವಲ್ಪ ಬಿಟ್ಟೀತು. ರೆಕಾರ್ಡರ್ ವಾಪಸ್ ಕೊಡಬೇಕು. ಕಾಲಿನ ಚಿತ್ರ ಇನ್ನೂ ಬಂದಿಲ್ಲ.